ಕೋಳಿ ಕಾಲು ಕೆಜಿ

ಕೋಳಿಗೆ ಕಾಲು ಕೊಟ್ಟವನು ದೇವರು ಅಂತ ನೀವೆಲ್ಲ ನಂಬಿದ್ದೀರಿ. ನಂಬಿಕೊಳ್ಳಿ, ಬೇಡ ಅನ್ನಲ್ಲ. ಆದರೆ ಆ ಕಾಲಿನಿಂದ ಬಾವು ಇಳಿಸುವ ಮದ್ದು ತೆಗೆಸಿ, ಒಂದೇ ಚಿಟಿಕೆಯಲ್ಲಿ ಹೆಂಡತಿಯ ಹತ್ತೂ ಬೆರಳನ್ನು ಹದಿನಾರರ ಹುಡುಗಿಯ ಬೆರಳಾಗಿಸಿದವನು ನಾನು. ಬಿಗಿದು ಕೂತಿದ್ದ ಅವಳ ಉಂಗುರ ತಾನಾಗಿ ಜಾರಿ, ಉರುಳಿಕೊಂಡು ಹೋಗಿ, ಮೂರು ಬೀದಿ ಆಚೆ ಸಿಕ್ಕಿತು.

ನಾನು ಕೋಳಿಮಾಂಸದ ಕಾರ್ಖಾನೆಯಲ್ಲಿ ಕಾಲಿನ ವಿಭಾಗದವನು. ಬಿಸಿನೀರಿಂದ ಬಂದ ಕಾಲಿನ ಹಳದಿ ಸಿಪ್ಪೆ ಎಳೆಯೋದು, ಉಗುರು ಕತ್ತರಿಸೋದು, ಒಳ್ಳೆಯದನ್ನು ಮಂಜುಗಡ್ಡೆಗೆ, ಗಾಯವಾದದ್ದನ್ನು ಕಸದ ಬುಟ್ಟಿಗೆ ಹಾಕೋದು. ಗಂಟೆಗೆ ನಲವತ್ತು ಸಾವಿರ ಕಾಲು ಮುಗಿಸುತ್ತೇನೆ. ಉಳಿದವರು ಕೆಲಸ ಬಿಟ್ಟು ನನ್ನನ್ನೇ ಬಾಯಿಬಿಟ್ಟು ನೋಡುತ್ತಾರೆ. ಹೆಂಡತಿ ಗಾಜಿನ ಗೋಡೆಯ ಆಚೆ, ಮೂಳೆ ಬಿಡಿಸುವ ಮೇಜಿನಲ್ಲಿ. ಅವಳ ವಿಷಯದಲ್ಲಿ ನಾನು ಬಣ್ಣ ಕಟ್ಟಬೇಕಾಗಿಯೇ ಇಲ್ಲ. ಅವಳು ಚಾಕು ಹಿಡಿದರೆ ಕೋಳಿ ಅಂಗಿ ಕಳಚಿದ ಹಾಗೆ ಮೂಳೆ ಬಿಟ್ಟುಕೊಡುತ್ತದೆ. ಎಲ್ಲರಿಗೂ ಅವಳು ಚಾಕುರಾಣಿ.

ಹದಿನೈದು ವರ್ಷ ತಣ್ಣನೆ ಮಾಂಸ ಹಿಡಿದೂ ಹಿಡಿದೂ ರಾಣಿಯ ಬೆರಳಿನ ಗಂಟುಗಳು ಊದಿಕೊಂಡವು. ಡಾಕ್ಟರು ಮಾತ್ರೆ ಕೊಟ್ಟರು. ಮಾತ್ರೆಗೆ ನಿಧಾನ, ಮೇಲ್ವಿಚಾರಕನಿಗೆ ಅವಸರ. "ಅಕ್ಕಾ, ಈ ತಿಂಗಳು ನೋಡ್ತೀನಿ. ಕೈ ಸರಿಹೋಗ್ಲಿಲ್ಲ ಅಂದ್ರೆ ಡಬ್ಬಿಗೆ ಚೀಟಿ ಅಂಟಿಸೋ ಕಡೆ ಹೋಗಿ" ಅಂದ. ಅವತ್ತು ಅವಳು ಮನೆಯಲ್ಲಿ ಮಾತೇ ಆಡಲಿಲ್ಲ. ಅವಳು ಮಾತಾಡದ ಮನೆ ನಮ್ಮ ಮನೆಯೇ ಅಲ್ಲ.

ನನ್ನ ತಂಗಿ ಕಾಲೇಜಿನ ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುತ್ತಾಳೆ. ಕಾರ್ಖಾನೆ ಎಸೆಯುವ ಕಾಲಿನಲ್ಲಿರುವ ಪ್ರೋಟೀನನ್ನು ಚೂರುಚೂರು ಮಾಡಿದರೆ ಪೆಪ್ಟೈಡ್ ಅಂತ ಸಿಗುತ್ತದಂತೆ. ಅದು ಉರಿಯೂತ ತಗ್ಗಿಸೀತೇ ಅನ್ನೋದು ಅವಳ ಹುಡುಕಾಟ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಮೊದಲು ಬಂದದ್ದು ಫೋನಿಗೆ ಒಂದು ಸಂದೇಶ: "ಅಣ್ಣಾ, ಕೋಳಿ ಕಾಲು ಕೆಜಿ ಬೇಕು."

ಪಾಪ, ಒಬ್ಬಳೇ ಇರೋಳು, ಎಷ್ಟು ತಿಂದಾಳು ಅಂದುಕೊಂಡು ಎದೆಭಾಗದ ಒಳ್ಳೆ ಮಾಂಸ ತೂಗಿಸಿ, ಮೇಲೆ ಎರಡು ನಿಂಬೆಹಣ್ಣು ಇಟ್ಟು ಒಯ್ದೆ.

"ಇದೇನಣ್ಣಾ?"

"ಕಾಲು ಕೆಜಿ."

"ನಾನು ಕೇಳಿದ್ದು ಕಾಲು!"

"ಕಾಲೇ ಇದೆ ಕಣಮ್ಮ, ಬೇಕಾದ್ರೆ ತೂಕ ಹಾಕು."

"ಕೋಳಿ ನಡೆಯೋ ಕಾಲು ಅಣ್ಣಾ! ಒಂದು ಕೆಜಿ!"

"ಹಾಗಾದ್ರೆ ಮಧ್ಯ ಒಂದು ಅಲ್ಪವಿರಾಮ ಹಾಕೋಕೇನು ರೋಗ? ಇಷ್ಟೊಂದು ಓದಿದೀಯ!"

ಮರುದಿನದಿಂದ, ಮೇಲ್ವಿಚಾರಕನ ಒಪ್ಪಿಗೆ ಪಡೆದು, ಕಸದ ಬುಟ್ಟಿಯ ಕಾಲುಗಳನ್ನು ಅವಳ ಪ್ರಯೋಗಾಲಯಕ್ಕೆ ಹೊತ್ತೆ. ತೊಳೆದು, ಬೇಯಿಸಿ, ಅರೆದು, ಸೋಸಿ, ಒಣಗಿಸಿದರೆ ಕೊನೆಗೆ ಉಳಿಯೋದು ಬಾಟಲಿಯ ತಳದಲ್ಲಿ ಒಂದಿಷ್ಟು ಮಾಸಲು ಪುಡಿ. "ನಿಮ್ಮತ್ತಿಗೆಗೆ ನಾಲ್ಕು ಚಮಚ ಕೊಡೇ" ಅಂದೆ. ಎರಡೂ ಕೈಯಲ್ಲಿ ಕೊಟ್ಟಳು.

ದಿನಾ ಸಂಜೆ ಹೆಂಡತಿಗೆ ನಾನೇ ಕಲಸಿ ಕುಡಿಸಿದೆ. "ಹೇಗಿದೆ?" ಅಂದರೆ "ಇಳೀತಿದೆ ರೀ" ಅನ್ನುತ್ತಿದ್ದಳು. ಮೂರನೇ ವಾರ ಅವಳ ಚಾಕು ಎಷ್ಟು ಜೋರಾಗಿ ಓಡಿತೆಂದರೆ, ಮೇಲ್ವಿಚಾರಕನ ಟೋಪಿ ಗಾಳಿಗೆ ಹಾರಿ...

ಭಾನುವಾರ ತಂಗಿ ಮನೆಗೆ ಬಂದಳು. ಹೆಂಡತಿ ಅವಳ ಗಲ್ಲ ಸವರಿ, "ನಿನ್ನ ಪುಡಿ ಅಮೃತ ಕಣೇ. ಅದು ಬಂದ ಮೇಲೆ ಡಾಕ್ಟರ ಮಾತ್ರೇನ ಮುಟ್ಟೇ ಇಲ್ಲ" ಅಂದಳು.

ಮಾತ್ರೆ ಬಿಟ್ಟದ್ದು ನನಗೆ ಗೊತ್ತೇ ಇರಲಿಲ್ಲ.

"ಯಾವ ಪುಡಿ ಅತ್ತಿಗೆ? ಅದಿನ್ನೂ ಗಾಜಿನ ತಟ್ಟೆಯ ಜೀವಕೋಶಗಳ ಮೇಲೆ ಬಿಟ್ರೆ ಎಲ್ಲೂ ಪರೀಕ್ಷೆ ಆಗಿಲ್ಲ. ಯಾರಿಗೂ ಕೊಡೋ ಹಾಗಿಲ್ಲ ಅಂತ ಇವನಿಗೆ ಸಾವಿರ ಸಲ ಹೇಳಿದೀನಿ." ಪುಡಿಯ ಡಬ್ಬಿ ತೆರೆದಳು, ಬೆರಳದ್ದಿ ನೆಕ್ಕಿದಳು. "ಅಣ್ಣಾ, ಹಾಲಿನ ಪುಡಿ!"

ಹೆಂಡತಿ ನನ್ನ ಕಡೆ ತಿರುಗಿದಳು. ಅವಳ ಕೈ ಹಿಡಿದು ನೋಡಿದೆ. ಬಾವು ಕೂದಲೆಳೆಯಷ್ಟೂ ಇಳಿದಿರಲಿಲ್ಲ, ಹೆಚ್ಚೇ ಆಗಿತ್ತು.

"ಮತ್ತೆ ಇಳೀತಿದೆ ಅಂತಿದ್ಯಲ್ಲೇ?"

"ದಿನಾ ಚಮಚ ಹಿಡ್ಕೊಂಡು ಮಗು ಥರ ಮುಖ ನೋಡ್ತಾ ನಿಲ್ತಿದ್ರಿ. ಇಳಿದಿಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ? ನಾಳೆ ಸರಿಹೋಗುತ್ತೆ ಅಂತ ನಾನೂ ನಂಬಿಬಿಟ್ಟಿದ್ದೆ."

"ಗಂಡನೂ ಸುಳ್ಳ, ಹೆಂಡತಿಯೂ ಸುಳ್ಳಿ. ಒಳ್ಳೆ ಜೋಡಿ!" ಅಂದ ತಂಗಿ ಮಾತ್ರೆ ಹುಡುಕಿ ತಂದು, ಅಲ್ಲೇ ನಿಂತು ನುಂಗಿಸಿದಳು. ಹೆಂಡತಿ ನೀರು ಕುಡಿದು, "ಸ್ವಲ್ಪ ದಿನ ಚೀಟಿನೇ ಅಂಟಿಸ್ತೀನಿ. ಕೈ ಉಳಿದ್ರೆ ಚಾಕು ಎಲ್ಲಿ ಹೋಗುತ್ತೆ?" ಅಂದಳು.

ಇನ್ನು ನಿಮ್ಮ ಹತ್ತಿರ ಮುಚ್ಚಿಡೋದೇನು? ತಂಗಿ ಕೊಡಲ್ಲ ಅಂದ ದಿನ ಬೀದಿ ತಿರುವಿನ ಅಂಗಡಿ ಮುಂದೆ ಬಹಳ ಹೊತ್ತು ನಿಂತಿದ್ದೆ. ಮನೆಯಲ್ಲಿ ಅವಳು ಕಾಯುತ್ತಿದ್ದಳು. ಬರಿಗೈಯಲ್ಲಿ ಹೋಗೋಕೆ ನನಗೆ ಧೈರ್ಯ ಬರಲಿಲ್ಲ, ಅಷ್ಟೇ.