ಮಿಸ್ತ್ರಿಯ ಕೊನೆಯ ಎಂಜಿನ್

“ನಿಲ್ಲಿಸಿ! ಲಾರಿ ನಿಲ್ಲಿಸಿ!”

ಜೊಹರಾ ಎರಡೂ ಮುಷ್ಟಿ ಕಟ್ಟಿ ಮುಂದಿನ ಹಲಗೆಯನ್ನು ಗುದ್ದುತ್ತಿದ್ದಳು. ಹಲಗೆಯಾಚೆ ಲಾರಿ ಓಡಿಸುತ್ತಿದ್ದವನು ಅವಳ ಗಂಡ ಅಬ್ದುಲ್ ರಜಾಕ್. ಅವನ ಪಕ್ಕದಲ್ಲಿ ಲಾರಿಯ ಮಾಲೀಕ, ಬನವಾಸಿಯ ವ್ಯಾಪಾರಿ ಚಂದ್ರಶೇಖರಪ್ಪ. ಹಿಂದೆ, ಅವಳ ಮೊಣಕಾಲಿಗೆ ತಾಗಿದಂತೆ, ಬಿಳಿ ಬಟ್ಟೆಯಲ್ಲಿ ಸುತ್ತಿದ ಅವಳ ತಂದೆ ಗನಿ ಮಿಸ್ತ್ರಿಯ ಹೆಣವಿತ್ತು. ಹೆಣದ ಆಚೆ ನೆರೆಮನೆಯ ಇಬ್ಬರು ಮತ್ತು ಮೂಟೆ ಹೊರುವ ಜಟ್ಟಪ್ಪ.

ಗನಿ ಆ ದಿನ ಬೆಳಗಿನ ಜಾವ ಯಲ್ಲಾಪುರದಲ್ಲಿ ಮಗಳ ಮನೆಯಲ್ಲಿ ತೀರಿಕೊಂಡಿದ್ದ. ಶಿರಸಿಯ ಕಬರಸ್ಥಾನದಲ್ಲಿ, ಹೆಂಡತಿ ಖತೀಜಾಳ ಗೋರಿಯ ಪಕ್ಕದಲ್ಲೇ ತನ್ನನ್ನು ಮಣ್ಣು ಮಾಡಬೇಕೆಂದು ವರ್ಷಗಳಿಂದ ಹೇಳುತ್ತ ಬಂದಿದ್ದ. ಎತ್ತಿನ ಗಾಡಿಯಲ್ಲಿ ಹೋದರೆ ಮುಟ್ಟುವುದು ಮರುದಿನವೇ. ಏಪ್ರಿಲ್ ತಿಂಗಳ ಸೆಕೆ ಬೇರೆ. ಆಗ ಚಂದ್ರಶೇಖರಪ್ಪನೇ ಮುಂದೆ ಬಂದು, “ನನ್ನ ಲಾರಿಗೆ ಅವರ ಕೈಲೆ ಕಟ್ಟಿದ ಎಂಜಿನ್ ಐತಿ. ಮೂರು ದಿನದ ಹಿಂದ ಮುಗಿಸಿ ಕೊಟ್ಟಾರ. ಅದರಾಗ ಒಯ್ಯೋಣು ಬರ್ರಿ,” ಎಂದಿದ್ದ.

ಲಾರಿ ನಿಂತಿತು. ರಜಾಕ್ ಇಳಿದು ಹಿಂದೆ ಬಂದ.

“ಏನಾಯ್ತು?”

“ಎಂಜಿನ್ ಬಡೀತಾ ಇದೆ.”

“ನಂಗೇನೂ ಕೇಳಿಲ್ಲ.”

“ನಂಗೆ ಕೇಳ್ತು. ಏರು ಹತ್ತುವಾಗ ಇರಲಿಲ್ಲ, ಮಟ್ಟಸದಲ್ಲಿ ಬಂತು. ಒಳಗೆ ಪಿಸ್ಟನ್ನಿನ ರಾಡು ಬಡೀತಿದೆ. ಬಿಚ್ಚಿ ನೋಡಬೇಕು.”

ಚಂದ್ರಶೇಖರಪ್ಪನೂ ಇಳಿದು ಬಂದ. ಅವನ ದನಿ ಮೆತ್ತಗಿತ್ತು. “ತಂಗೀ, ಅಪ್ಪ ಹೋಗ್ಯಾರ. ಮನಸ್ಸು ಕಲಕೇತಿ. ಅದಕ್ಕ ಹಂಗ ಕೇಳಸ್ತೈತಿ. ನಡೀರಿ, ಹೊತ್ತಾಗತೈತಿ.”

“ಸಾಹುಕಾರ್ರೇ, ಇನ್ನರ್ಧ ಮೈಲಿಗೆ ಬೇಡ್ತಿ ಹೊಳೆ ಇಳಿಜಾರು. ಈ ಲಾರಿಗೆ ಬ್ರೇಕು ಇರೋದು ಹೆಸರಿಗೆ. ಗೇರಿಗೆ ಹಾಕಿ ಎಂಜಿನ್ನಲ್ಲೇ ಹಿಡಿದು ಇಳಿಸಬೇಕು. ನಡುವೆ ರಾಡು ಮುರಿದ್ರೆ ಹಿಡಿಯೋಕೆ ಏನೂ ಇಲ್ಲ.”

ಜಟ್ಟಪ್ಪ ನೆರೆಯವನ ಕಡೆ ತಿರುಗಿ ತಗ್ಗಿದ ದನಿಯಲ್ಲಿ, “ಮಿಸ್ತ್ರಿದೂ ಇದೇ ಆಗಿತ್ತು ನೋಡು. ಎಂತಕ್ಕೂ ಹೆದರ್ಕಳೂದು,” ಎಂದ.

ಅದು ಅವಳಿಗೂ ಕೇಳಿಸಿತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೆಳಗಿಳಿದಳು.

*

ಯಲ್ಲಾಪುರದಲ್ಲಿ ಎಲ್ಲರ ಬಾಯಲ್ಲೂ ಗನಿ ಪುಕ್ಕಲ ಮಿಸ್ತ್ರಿ. ಬೇರೆಯವರು ನಾಲ್ಕು ದಿನದಲ್ಲಿ ಮುಗಿಸುವ ಕೆಲಸಕ್ಕೆ ಅವನಿಗೆ ಹತ್ತು ದಿನ ಬೇಕು. ಬಿಗಿದ ನಟ್ಟನ್ನು ಮತ್ತೆ ಬಿಗಿಯುವವ. ಹೊರಟು ನಿಂತ ಲಾರಿಯ ಮುಂದೆ ಕೈ ಅಡ್ಡ ಹಿಡಿದು, “ಇನ್ನೊಂದ್ಸಲ ಕೇಳ್ತೀನಿ, ತಡೀರಿ,” ಎನ್ನುವವ. ಅವನೇ ಕಟ್ಟಿದ ಎಂಜಿನ್ನಿನ ಲಾರಿಯನ್ನು ಅವನು ಹತ್ತುತ್ತಿರಲಿಲ್ಲ. ಶಿರಸಿಗೆ ಹೋಗಬೇಕಾದರೆ ಎತ್ತಿನ ಗಾಡಿ, ಇಲ್ಲವೇ ನಡಿಗೆ.

ಮೊದಲು ಹಾಗಿರಲಿಲ್ಲ. ಆರು ವರ್ಷದ ಹಿಂದೆ ಅವನು ಕೆಲಸ ಮಾಡಿದ ಲಾರಿಯೊಂದು ಅರಬೈಲು ಘಟ್ಟದಲ್ಲಿ ಹಿಡಿತ ತಪ್ಪಿ ಉರುಳಿತು. ಮೂಟೆಗಳ ಮೇಲೆ ಕೂತಿದ್ದ ಬೀರ ಎನ್ನುವವನು ಸತ್ತ. ಘಟ್ಟದ ತಿರುವು, ಚಾಲಕನ ಆತುರ ಎಂದು ಜನ ಏನೇನೋ ಹೇಳಿದರು. ಗನಿಯನ್ನು ಯಾರೂ ಕೇಳಲಿಲ್ಲ. ಮನೆಗೆ ಬಂದು ಎರಡು ದಿನ ಉಣ್ಣದೆ ಕೂತವನು ಮೂರನೆಯ ದಿನ ಮಗಳ ಹತ್ತಿರ ಹೇಳಿದ:

“ಹೊರಡುವಾಗ ಒಂದು ಸದ್ದು ಕೇಳಿತ್ತು ಬೇಟಿ. ತಡ ಮಾಡ್ತೀಯ ಅಂತ ಎಲ್ಲ ನಗ್ತಿದ್ರು. ನಾ ಸುಮ್ನಾದೆ.”

ಆಮೇಲೆ ಆ ಮಾತನ್ನು ಅವನು ಯಾವತ್ತೂ ಎತ್ತಲಿಲ್ಲ. ಆದರೆ ಅಂದಿನಿಂದ ಅವನ ಎಲ್ಲ ಎಂಜಿನ್ನುಗಳನ್ನು ಜೊಹರಾ ನೋಡಬೇಕಾಯಿತು. ಎಂಜಿನ್ನಿನ ಪಕ್ಕೆಯಲ್ಲಿ ಅಂಗೈಯಗಲದ ಮುಚ್ಚಳಗಳಿರುತ್ತವೆ. ಅವು ಮುಚ್ಚುವ ಕಿಂಡಿಯೊಳಗೆ ಗನಿಯ ಕೈ ಹಿಡಿಸುತ್ತಿರಲಿಲ್ಲ, ಅವಳ ಸಣ್ಣ ಕೈ ಮೊಣಕೈವರೆಗೂ ಹೋಗುತ್ತಿತ್ತು. “ಕೈ ಹಾಕಿ ನೋಡು. ಒಂದೊಂದು ನಟ್ಟು ಮುಟ್ಟಿ ಹೇಳು,” ಎನ್ನುತ್ತ ಅವನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂರುತ್ತಿದ್ದ. ಹುಡುಗಿಯೊಬ್ಬಳು ರಿಪೇರಿ ಶೆಡ್ಡಿಗೆ ಬಂದು ಕೂರುವುದನ್ನು ನೆಂಟರು ಆಡಿಕೊಂಡರು. ಅವನು ಜನರಿಗೆ ಹೆದರುವುದನ್ನು ಬಿಟ್ಟು ಎಂಜಿನ್ನಿಗೆ ಹೆದರುವುದನ್ನು ಕಲಿತಿದ್ದ.

ಈ ಲಾರಿಯನ್ನು ಚಂದ್ರಶೇಖರಪ್ಪ ಬೆಳಗಾವಿಯ ಹರಾಜಿನಲ್ಲಿ ಹಿಡಿದಿದ್ದ. ಜರ್ಮನ್ ಯುದ್ಧದಲ್ಲಿ ದುಡಿದದ್ದು. ನಾಲ್ಕು ಪಿಸ್ಟನ್ನುಗಳೂ ತುಕ್ಕು ಹಿಡಿದು ಸಿಲಿಂಡರಿಗೆ ಕಚ್ಚಿಕೊಂಡಿದ್ದವು. ಗನಿ ಸೀಮೆಎಣ್ಣೆ ಹುಯ್ದು ಹನ್ನೊಂದು ದಿನ ಕಾದ. ಬೇರಿಂಗುಗಳಿಗೆ ಬಿಳಿ ಲೋಹ ಕರಗಿಸಿ ಹುಯ್ದ. ನೀಲಿ ಬಣ್ಣ ಬಳಿದು ತಿರುಗಿಸಿ, ಬಣ್ಣ ಅಂಟಿದಲ್ಲಿ ಮಾತ್ರ ಕೂದಲೆಳೆಯಷ್ಟು ಕೆರೆದ. ಮತ್ತೆ ಬಳಿದ, ಮತ್ತೆ ಕೆರೆದ. ಎರಡು ತಿಂಗಳು ಹಾಗೇ ಹೋಯಿತು. ಕೊನೆಯ ವಾರ ಚಳಿಜ್ವರ ಹಿಡಿಯಿತು.

*

ಬಿಸಿ ಎಣ್ಣೆ ಆರುವ ತನಕ ಕಾಯಬೇಕಾಯಿತು. ಗಂಡಸರು ಮರದ ನೆರಳಿಗೆ ಹೋಗಿ ನಿಂತರು. ಜಟ್ಟಪ್ಪ ಹೆಣದ ಮೇಲೆ ನೊಣ ಕೂರದಂತೆ ಸೊಪ್ಪು ಬೀಸುತ್ತಿದ್ದ.

ರಜಾಕ್ ಎಂಜಿನ್ನಿನ ಎರಡು ಮುಚ್ಚಳಗಳಲ್ಲಿ ಹಿಂದಿನದನ್ನು ಬಿಚ್ಚಿ ಕೊಟ್ಟ. ಜೊಹರಾ ಮಣ್ಣಿನಲ್ಲಿ ಒರಗಿ ಮಲಗಿ ಕೈ ಒಳಗೆ ಹಾಕಿದಳು. ಅಲ್ಲಿ ಮೂರನೆಯ ಮತ್ತು ನಾಲ್ಕನೆಯ ರಾಡುಗಳಿದ್ದವು. ನಾಲ್ಕನೆಯದರ ನಟ್ಟುಗಳು ಗಟ್ಟಿಯಾಗಿದ್ದವು. ನಟ್ಟು ಸಡಿಲವಾಗದಂತೆ ಅದರ ತೂತಿನಲ್ಲಿ ತೂರಿಸಿ ಮಡಚುವ ಪಿನ್ನುಗಳೂ ಸರಿಯಾಗಿದ್ದವು.

ಮೂರನೆಯದಕ್ಕೆ ಬಂದಳು. ಒಂದು ನಟ್ಟು ಗಟ್ಟಿ. ಇನ್ನೊಂದು ಅವಳ ಬೆರಳಿಗೇ ತಿರುಗಿತು.

ಪಿನ್ನು ಇರಲಿಲ್ಲ. ತೂತನ್ನು ಎರಡು ಸಲ ಉಗುರಿನಿಂದ ತಡವಿದಳು. ಮುರಿದು ಬಿದ್ದ ಚೂರಿಲ್ಲ, ಗೀರಿಲ್ಲ. ಅದಕ್ಕೆ ಪಿನ್ನು ಹಾಕಿರಲೇ ಇಲ್ಲ.

ಮೇಲೆ, ಹಲಗೆಯೊಂದರ ಆಚೆ, ಅಪ್ಪ ಮಲಗಿದ್ದ.

“ಏನಾದ್ರೂ ಸಿಕ್ತಾ?” ರಜಾಕ್ ಕೇಳಿದ.

“ಸ್ವಲ್ಪ ಸಡಿಲ ಇದೆ ಅಷ್ಟೆ. ಹೊಸ ಎಂಜಿನ್ನಲ್ಲಿ ಆಗ್ತದೆ. ಸಣ್ಣ ಸ್ಪ್ಯಾನರ್ ಕೊಡಿ.”

ಪಿನ್ನು ಕೇಳಿದರೆ ಅದು ಇರಲೇ ಇಲ್ಲವೆಂದು ಅವನಿಗೆ ಗೊತ್ತಾಗುತ್ತಿತ್ತು. ನಟ್ಟು ಬಿಗಿದು, ತಲೆಯಿಂದ ಕೂದಲಿನ ತಂತಿಪಿನ್ನನ್ನು ತೆಗೆದು ತೂತಿನಲ್ಲಿ ತೂರಿಸಿ, ಬೆರಳು ಕಿತ್ತು ಬರುವಂತೆ ಒತ್ತಿ ಮಡಚಿದಳು. ಮುಂದಿನ ಮುಚ್ಚಳವನ್ನೂ ಬಿಚ್ಚಿಸಲು ನೋಡಿದಳು. ಅದರ ಬೋಲ್ಟನ್ನು ಗನಿ ಜ್ವರದಲ್ಲಿ ಎಷ್ಟು ಬಿಗಿದಿದ್ದನೋ, ಸ್ಪ್ಯಾನರ್ ಜಾರಿ ಬೋಲ್ಟಿನ ತಲೆಯೇ ಉರುಟಾಯಿತು.

“ಇನ್ನು ಸಾಕು ಬಿಡ್ರಿ,” ಎಂದ ಚಂದ್ರಶೇಖರಪ್ಪ ಸೂರ್ಯನ ಕಡೆ ನೋಡುತ್ತ. “ಇಳಿಹೊತ್ತಿನ ಅಸರ್ ನಮಾಜಿನೊಳಗ ಮುಟ್ಟಬೇಕಲ್ಲ?”

ಆ ಮುಚ್ಚಳದೊಳಗಿನ ಮೊದಲ ಎರಡು ರಾಡುಗಳು ಹಾಗೇ ಉಳಿದವು.

“ಸರಿ ಹೋಯ್ತೇನು?” ರಜಾಕ್ ಕೇಳಿದ.

“ಸರಿ ಹೋಯ್ತು,” ಎಂದಳು ಜೊಹರಾ.

*

ಮೂರು ದಿನದ ಹಿಂದಿನ ಮಧ್ಯಾಹ್ನ. ಗನಿಯ ಮೈ ಕಾದ ಹಂಚಿನಂತಿತ್ತು. ಹಲ್ಲು ಕಟಕಟ ಎನ್ನುತ್ತಿದ್ದವು. ಶೆಡ್ಡಿನ ನೆಲದಲ್ಲಿ ಗೋಣಿ ಹೊದ್ದು ಕೂತು, “ಕೈ ನಡುಗ್ತಿತ್ತು ಬೇಟಿ. ನಂಗೆ ನಂಬಿಕೆ ಇಲ್ಲ. ಎಂಟೂ ನಟ್ಟು ಮುಟ್ಟಿ ನೋಡು,” ಎಂದ.

“ನೀವು ಮೊದಲು ಮನೆಗೆ ನಡೀರಿ ಅಬ್ಬಾ.”

“ನೋಡದೆ ಬರಲ್ಲ.”

ಅವಳು ಎಂಜಿನ್ನಿನ ಪಕ್ಕ ಬಗ್ಗಿದಳು. ಅಪ್ಪನ ಉಸಿರು ಎಳೆಯುವ ಸದ್ದು ಬೆನ್ನ ಹಿಂದೆ ಕೇಳುತ್ತಿತ್ತು. ಕೈ ಒಳಗೆ ಹಾಕಿದಳು, ಒಂದು ನಿಮಿಷ ಹಾಗೇ ಇಟ್ಟುಕೊಂಡಳು, ಹೊರಗೆ ತೆಗೆದಳು.

“ನೋಡಿದೆ. ಎಂಟೂ ಸರಿ ಇವೆ.”

“ಪಿನ್ನು?”

“ಅದೂ ನೋಡಿದೆ. ಏಳಿ ಈಗ.”

ಅವನು ಮುಚ್ಚಳ ಎರಡನ್ನೂ ಕೂರಿಸಿ, ನಡುಗುವ ಕೈಯಲ್ಲೇ ಬೋಲ್ಟು ಬಿಗಿದು, ಅವಳ ಹೆಗಲು ಹಿಡಿದು ಎದ್ದ.

*

ಇಳಿಜಾರಿಗೆ ಬರುವಾಗ ರಜಾಕ್ ಮೊದಲನೇ ಗೇರಿಗೆ ಹಾಕಿದ. ಎಂಜಿನ್ ಅಳುವಂತೆ ಕೂಗಿತು. ಜೊಹರಾ ಒಂದು ಕೈಯಲ್ಲಿ ಅಪ್ಪನನ್ನು ಮಲಗಿಸಿದ್ದ ಜನಾಜಾ ಹಿಡಿದುಕೊಂಡಿದ್ದಳು, ಇನ್ನೊಂದು ಕೈಯನ್ನು ಹಲಗೆಗೆ ಊರಿದ್ದಳು. ಎಂಜಿನ್ನಿನ ಅದುರಾಟ ಅಂಗೈಯಿಂದ ಮೊಣಕೈಗೆ, ಮೊಣಕೈಯಿಂದ ಹಲ್ಲಿಗೆ ಏರುತ್ತಿತ್ತು. ಬಲಗಡೆ ರಸ್ತೆಯಂಚಿನಾಚೆ ಮರಗಳ ತಲೆ ಮಾತ್ರ ಕಾಣುತ್ತಿತ್ತು. ಎದುರು ಕೂತ ಜಟ್ಟಪ್ಪ ಎಲೆಯಡಿಕೆ ಜಗಿಯುತ್ತ ಏನೋ ಕೇಳಿದ. ನೋಡದೆ ಬಿಟ್ಟ ರಾಡುಗಳನ್ನು ಒಂದು ಮತ್ತು ಎರಡು, ಒಂದು ಮತ್ತು ಎರಡು ಎಂದು ಅವಳ ತಲೆ ಎಣಿಸುತ್ತಿತ್ತು. ಈ ಐದು ಜನರಿಗೆ ಹೇಳಿಬಿಡಬಹುದಿತ್ತು. ಇಳಿದು ನಡೆಯಿರಿ ಎನ್ನಬಹುದಿತ್ತು. ತಿರುವಿನಲ್ಲಿ ಜನಾಜಾ ಅರ್ಧ ಗೇಣು ಸರಿಯಿತು. ಅವಳು ಅದರ ಮೇಲೆ ಒರಗಿಯೇ ಬಿಟ್ಟಳು. ಅಳುತ್ತಿದ್ದಾಳೆಂದು ತಿಳಿದು ಜಟ್ಟಪ್ಪ ಮುಖ ತಿರುಗಿಸಿದ.

ಹೊಳೆ ದಾಟಿತು. ಮಂಚಿಕೇರಿಯೂ ದಾಟಿತು. ಸದ್ದು ಮತ್ತೆ ಬರಲಿಲ್ಲ.

ಶಿರಸಿಯಲ್ಲಿ ಗನಿಯ ಅಕ್ಕ ಖುರ್ಷಿದಳ ಮನೆಯ ಮುಂದೆ ಜನ ಕಾದಿದ್ದರು. ಮಸೀದಿಯಲ್ಲಿ ನಮಾಜು ಮುಗಿಸಿ ಗಂಡಸರು ಜನಾಜಾ ಹೊತ್ತು ಕಬರಸ್ಥಾನಕ್ಕೆ ಹೋದರು. ಹೆಂಗಸರು ಒಳಗೆ ಚಾಪೆಯ ಮೇಲೆ ಒತ್ತೊತ್ತಾಗಿ ಕೂತರು. ಖುರ್ಷಿದ್ ಸೊಸೆಯಂದಿರಿಗೆ ತಮ್ಮನ ಕತೆ ಹೇಳುತ್ತಿದ್ದಳು. ಚಿಕ್ಕವನಿದ್ದಾಗ ಅವನು ಮರ ಹತ್ತಿ ಇಳಿಯಲಾರದೆ ಕೂಗಿದ್ದು, ನಿಕಾದ ದಿನ ಕುದುರೆ ಹತ್ತಲು ಒಪ್ಪದಿದ್ದು. ಒಬ್ಬಿಬ್ಬರು ಅಳುವಿನ ನಡುವೆಯೂ ನಕ್ಕರು. ಜೊಹರಾಳ ಉಗುರಿನ ಸಂದಿಯ ಕಪ್ಪು ಎಷ್ಟು ತಿಕ್ಕಿದರೂ ಹೋಗಿರಲಿಲ್ಲ.

ಮಣ್ಣು ಕೊಟ್ಟು ಗಂಡಸರು ಮರಳಿ ಬಂದು ಜಗುಲಿಯಲ್ಲಿ ಕೂತರು. ಚಂದ್ರಶೇಖರಪ್ಪನ ದನಿ ಎಲ್ಲರಿಗಿಂತ ಎತ್ತರದಲ್ಲಿತ್ತು.

“ಹೆದರಪುಕ್ಕ ಅಂತಿದ್ರಿ ಅವರನ್ನ. ಇವತ್ತು ನೋಡಿದ್ರಿಲ್ಲೋ? ಮೂವತ್ತು ಮೈಲಿ, ಒಂದು ಹನಿ ಎಣ್ಣಿ ಸೋರಲಿಲ್ಲ. ರಜಾಕ್, ನಾಳೆ ಬೆಳಿಗ್ಗೆನ ಕುಮಟಾಕ್ಕ ಬಿಟ್ಟಬಿಡೋಣು. ಹನ್ನೆರಡು ಮಂದಿ ಜಾಗ ಹಿಡಿದಾರ. ಒಬ್ಬಾಕಿ ಬಸುರಿ, ತೌರಿಗೆ ಹೋಗಾಕಿ.”

“ಆಯ್ತು ಸಾಹುಕಾರ್ರೇ.”

ಕುಮಟೆಗೆ ಹೋಗಬೇಕಾದರೆ ದೇವಿಮನೆ ಘಟ್ಟ ಇಳಿಯಬೇಕು. ಜೊಹರಾ ಎದ್ದಳು. ಖುರ್ಷಿದ್ ಅವಳ ಸೆರಗು ಹಿಡಿದಳು. “ಎಲ್ಲಿಗೆ? ಗಂಡಸರು ಕೂತಿದ್ದಾರೆ.”

“ಫುಫು, ಬಿಡಿ.”

ಅವಳು ಜಗುಲಿಯ ಬಾಗಿಲಲ್ಲಿ ಬಂದು ನಿಂತಳು.

“ಲಾರಿ ಬಿಡಬೇಡಿ.”

“ಯಾಕವ್ವಾ?” ಎಂದ ಚಂದ್ರಶೇಖರಪ್ಪ.

“ಮೂರನೇ ರಾಡಿಗೆ ಪಿನ್ನಿರಲಿಲ್ಲ. ನಟ್ಟು ಕಳಚ್ತಾ ಇತ್ತು. ನಂದೊಂದು ತಲೆಪಿನ್ನು ಹಾಕಿ ಇಲ್ಲಿ ತನಕ ತಂದೆ. ಮುಂದಿನ ಎರಡು ನಾ ನೋಡೇ ಇಲ್ಲ.”

ಯಾರೋ “ಯಾ ಅಲ್ಲಾ” ಎಂದರು. ರಜಾಕ್ ಎದ್ದು ನಿಂತ. “ಇಳಿಜಾರಲ್ಲಿ? ಗೊತ್ತಿದ್ದೂ ಕೂತ್ಕೊಂಡ್ಯಾ?”

ಮೂಲೆಯಿಂದ ಜಟ್ಟಪ್ಪ, “ಹಂಗಾರೆ ಮಿಸ್ತ್ರಿ ತಪ್ಪು ಮಾಡಿದ್ರಾ?” ಎಂದ.

“ಅಬ್ಬಾ ನೋಡು ಅಂದಿದ್ರು. ಕೈ ನಡುಗ್ತಿದೆ, ಎಂಟೂ ಮುಟ್ಟಿ ನೋಡು ಅಂತ ಹೇಳಿದ್ರು.” ಜೊಹರಾ ಬಾಗಿಲಿನ ಚೌಕಟ್ಟು ಹಿಡಿದುಕೊಂಡಳು. “ನೋಡಿದೆ ಅಂದೆ. ನಾ ನೋಡಿರಲಿಲ್ಲ.”

ಚಂದ್ರಶೇಖರಪ್ಪ ಎದ್ದು, ಚಪ್ಪಲಿಯನ್ನೂ ಮೆಟ್ಟದೆ ಲಾರಿ ನಿಂತ ಕಡೆ ಹೋದ. ಸಿಟ್ಟಾಗಿ ಹೊರಟೇ ಹೋದನೆಂದು ತಿಳಿದು ರಜಾಕ್ ಅವನ ಹಿಂದೆ ಎರಡು ಹೆಜ್ಜೆ ಇಟ್ಟು ನಿಂತ.

ಚಂದ್ರಶೇಖರಪ್ಪ ಮರಳಿ ಬಂದಾಗ ಕೈಯಲ್ಲಿ ಎಂಜಿನ್ ತಿರುಗಿಸಿ ಚಾಲು ಮಾಡುವ ಕಬ್ಬಿಣದ ಹ್ಯಾಂಡಲ್ ಇತ್ತು. ಅದಿಲ್ಲದೆ ಲಾರಿ ಹೊರಡುವಂತಿರಲಿಲ್ಲ. ಬಾಗಿಲಿಗೆ ಬಂದು, ಬಗ್ಗಿ, ಹೊಸ್ತಿಲಿನೊಳಗೆ ಜೊಹರಾಳ ಪಾದದ ಹತ್ತಿರ ಅದನ್ನು ಸದ್ದಾಗದಂತೆ ಇಟ್ಟ. ಅವಳು ಎರಡೂ ಕೈಯಲ್ಲಿ ಎತ್ತಿಕೊಂಡಳು. ಭಾರವಿತ್ತು. ಚಾಪೆಯ ಮೇಲಿನ ಹೆಂಗಸರು ಅತ್ತಿತ್ತ ಸರಿದು, ಅವಳಿಗೂ ಅದಕ್ಕೂ ಸಾಲುವಷ್ಟು ಜಾಗ ಬಿಟ್ಟರು.