ಬಿರುಗಾಳಿಯ ಮೇಲೆ ಕೂತ ಮುಳ್ಳು

ಕೋಮಲಾಳಿಗೆ ಬಾಯಿ ಜೋರು ಅಂತ ಬೆಟ್ಟದ ಮೇಲಿನ ನಾಟ್ರಾಂಪಾಳ್ಯದಲ್ಲಿ ಹೇಳದವರಿಲ್ಲ. ಹೇಳಿಕೊಳ್ಳಲಿ, ಊರ ಬಾಯಿಗೆ ಬೀಗ ಹಾಕೋಕಾಗುತ್ತದೆಯೇ! ಆದರೆ ಗೋಡೆಯ ಮೇಲಿನ ವಾಯುಭಾರ ಮಾಪಕ ನೋಡಿ ಯಾರಾದರೂ ನಕ್ಕರೆ ಮಾತ್ರ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಮದುವೆಗೆ ಮುಂಚೆ ಅವಳು ಹೊಸೂರಿನ ಮೀಟರ್ ಫ್ಯಾಕ್ಟರಿಯಲ್ಲಿದ್ದಳು. ಕೆಲಸ ಬಿಡುವಾಗ ಜೊತೆಯವರು ಕೊಟ್ಟ ಉಡುಗೊರೆ ಅದು. ಗಡಿಯಾರದಂಥ ಮುಖ, ಒಂದು ಮುಳ್ಳು, ಸುತ್ತ ಇಂಗ್ಲಿಷಿನಲ್ಲಿ ಬಿಸಿಲು, ಮಳೆ, ಬಿರುಗಾಳಿ ಅಂತ ಬರಹ. ಗಂಡನ ಮನೆಯ ಗೋಡೆಗೆ ತೂಗುಹಾಕಿದ್ದೇ ತಡ, ಮುಳ್ಳು ಬಿರುಗಾಳಿಯ ಮೇಲೆ ಹೋಗಿ ಕೂತಿತು. ಹೊಸ ಸೊಸೆ ಬೀದಿಗೆಲ್ಲ ಕೂಗಿ ಹೇಳಿ ಎಲ್ಲರ ರಾಗಿ ಮೆದೆಗೂ ಟಾರ್ಪಾಲು ಹೊದಿಸಿದಳು. ಒಂದು ಹನಿ ಬೀಳಲಿಲ್ಲ. ಅವತ್ತಿನಿಂದ ಅವಳ ಹೆಸರೇ ಬಿರುಗಾಳಿ ಕೋಮಲಾ ಆಯಿತು.

ತಪ್ಪು ಎಲ್ಲಾಯಿತು ಅಂತ ಅವಳು ಹಟ ಹಿಡಿದು ಹುಡುಕಿದಳು. ಗಾಳಿಗೂ ಭಾರವಿದೆ, ಬೆಟ್ಟ ಹತ್ತಿದಷ್ಟೂ ತಲೆಯ ಮೇಲಿನ ಗಾಳಿ ಕಡಿಮೆ. ಆ ಬರಹ ಸಮುದ್ರದ ಮಟ್ಟದ ಊರುಗಳ ಲೆಕ್ಕಕ್ಕೆ ಬರೆದದ್ದು. ಈ ಬೆಟ್ಟದಲ್ಲಿ ಸುಡುಬಿಸಿಲಿದ್ದರೂ ಮುಳ್ಳಿನ ಜಾಗ ಬಿರುಗಾಳಿಯೇ. ನೋಡಬೇಕಾದ್ದು ಬರಹವನ್ನಲ್ಲ, ಮುಳ್ಳು ತನ್ನ ಜಾಗ ಬಿಟ್ಟು ಇಳಿಯಿತಾ ಅಂತ. ದಿನಾ ಮಧ್ಯಾಹ್ನ ಚೂರು ಇಳಿದು ಮತ್ತೆ ಏರುತ್ತದೆ. ಇಳಿದದ್ದು ಏರದಿದ್ದರೆ ಹುಷಾರಾಗಬೇಕು. ಹೇಳಿದರೆ ಕೇಳುವವರು ಯಾರು?

ಕಾರ್ತಿಕ ಕಳೆದ ಮೇಲೆ ಒಂದು ಬೆಳಿಗ್ಗೆ ಮಾವ ಕದಿರಪ್ಪ ಮೆದೆ ಬಿಚ್ಚಿಸಿದ. ಬಸ್ಸು ಲಾರಿ ಹರಿದು ಕಾಳು ಉದುರಲಿ ಅಂತ ಮನೆಯ ವರ್ಷದ ರಾಗಿಯನ್ನೆಲ್ಲ ಟಾರು ರಸ್ತೆಗೆ ಹರಡಿದ. ಆಕಾಶ ತಿಳಿಯಾಗಿತ್ತು. ಮುಳ್ಳು ಮಾತ್ರ ನಿನ್ನೆ ಇಳಿದದ್ದು ಏರಿರಲಿಲ್ಲ, ಇನ್ನೂ ಇಳಿಯುತ್ತಿತ್ತು. ಕೋಮಲಾ ರಸ್ತೆಗೆ ಓಡಿದಳು.

ರಾಗಿ ಎತ್ತಿಸಿ ಅಂದರೆ ಕದಿರಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಟಿವಿಯಲ್ಲಿ ಹೇಳಿದ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಕರಾವಳಿಯವರ ಪಾಡು, ನಮಗೇನು ಅಂದ. ಅಕ್ಕಪಕ್ಕದವರನ್ನೂ ಕರೆದ. "ಬಿರುಗಾಳಿ ಬಂತಂತೆ ಕಣ್ರಲಾ."

"ನಕ್ಕೊಳ್ಳಿ ಮಾವ. ನಾನೊಬ್ಳೇ ಎತ್ತೀನಿ. ಮಳೆ ಬರ್ದೇ ಹೋದ್ರೆ ನಾಳೆ ನಾನೇ ಹರಡ್ತೀನಿ. ಬಂದ್ರೆ ವರ್ಸವೆಲ್ಲ ಮುದ್ದೆ ಯಾವನು ಕೊಟ್ಟಾನು?"

ಸೆರಗು ಸಿಕ್ಕಿಸಿ ತೆನೆ ಬಾಚತೊಡಗಿದಳು. ಯಾರೂ ಕೈಹಚ್ಚಲಿಲ್ಲ. ಅತ್ತೆ ಮುನಿರತ್ನಮ್ಮ ಅಷ್ಟು ಹೊತ್ತು ನೋಡುತ್ತ ನಿಂತಿದ್ದವಳು ಒಳಗೆ ಹೋಗಿ ಟಾರ್ಪಾಲು ಎಳೆದು ತಂದಳು. ಗಂಡನ ನಗು ನಂಬಿ ಒಲೆ ಹಚ್ಚೋಕಾಗಲ್ಲ ಅಂತ ಗೊಣಗಿ ತಾನೂ ಬಗ್ಗಿದಳು.

ಮಧ್ಯಾಹ್ನ ದಾಟುವ ಹೊತ್ತಿಗೆ ಮೂಡಣ ಕಪ್ಪಾಯಿತು. ಆಮೇಲೆ ಬಿದ್ದ ಮಳೆಗೆ ಬಿಡುವೇ ಇರಲಿಲ್ಲ. ಹೆಂಗಸರಿಬ್ಬರು ಎತ್ತಿದ್ದ ಅರ್ಧ ಉಳಿಯಿತು. ಉಳಿದರ್ಧ ಕದಿರಪ್ಪನ ಕಣ್ಣೆದುರೇ ಚರಂಡಿ ಸೇರಿತು.

ಮಳೆ ಬಿಟ್ಟು ಬಿಸಿಲು ಬಂದ ದಿನ ಅವನು ಗೋಡೆಯ ಹತ್ತಿರ ಬಂದು ನಿಂತ. ಇಂಗ್ಲಿಷ್ ಓದಲು ಬಾರದು. ಎಲ್ಲೋ ನೋಡುತ್ತ ಕೇಳಿದ, "ಮುಳ್ಳು ಎಲ್ಲೈತಮ್ಮಾ?"

ಕೋಮಲಾ ಮುದ್ದೆ ತೊಳಸುವುದನ್ನು ನಿಲ್ಲಿಸಲಿಲ್ಲ.

"ಮತ್ತೆ ಏರಿ ಬಿರುಗಾಳಿ ಮೇಲೇ ಕೂತೈತೆ ಮಾವ," ಅಂದಳು. "ರಾಗಿ ಹರಡ್ಸಿ."