ಬದ್ರುದ್ದೀನರ ಮೂರನೆಯ ಸಲ

ಬದ್ರುದ್ದೀನರು ಯಾವ ಉತ್ತರವನ್ನೂ ಒಂದೇ ಸಲಕ್ಕೆ ನಂಬುವವರಲ್ಲ. ಶಿರಸಿಯ ಆಸ್ಪತ್ರೆಯೊಂದರ ರಕ್ತನಿಧಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ಕೆಲಸ ಮಾಡುತ್ತಿರುವ ಈ ಮನುಷ್ಯ, ಎದುರಿಗೆ ನಿಂತವರು ಸಾಹೇಬರೇ ಇರಲಿ, ತಳ್ಳುಗಾಡಿಯವರೇ ಇರಲಿ, ರೋಗಿಯ ಹೆಸರು, ತಂದೆಯ ಹೆಸರು, ಊರು ಎಲ್ಲವನ್ನೂ ಮೂರು ಸಲ ಕೇಳುತ್ತಾರೆ. ಮೊದಲ ಸಲ ಮುಖ ನೋಡಿ, ಎರಡನೆಯ ಸಲ ಚೀಟಿ ನೋಡಿ, ಮೂರನೆಯ ಸಲ ಕಣ್ಣು ಮುಚ್ಚಿ. ಬಿಳಿ ಕೋಟಿನ ಎರಡೂ ಕಿಸೆಗಳ ಬಾಯನ್ನು ದಾರ ಹಾಕಿ ಹೊಲಿದುಬಿಟ್ಟಿದ್ದಾರೆ. ಹೆಸರು ಬರೆಯದ ರಕ್ತದ ನಳಿಕೆ ಅಪ್ಪಿತಪ್ಪಿಯೂ ಅವುಗಳೊಳಗೆ ಇಳಿಯಬಾರದಂತೆ. ನಳಿಕೆ ಹಿಡಿದು ನಡೆಯುವಾಗ ಇನ್ನೊಂದು ಅಂಗೈಯನ್ನು ಅದರಡಿ ಒಡ್ಡಿಕೊಂಡು, ಗಾಳಿಯಲ್ಲಿ ದೀಪ ಒಯ್ಯುವವರ ಹಾಗೆ ಹೆಜ್ಜೆ ಅಳೆದು ನಡೆಯುತ್ತಾರೆ.

ನಾವು ಹೋದ ದಿನ ಆಟೋದವನೊಬ್ಬ ಕಾದು ಕಾದು ರೇಗಿ ಕೇಳಿದ, "ಏನ್ ಬದ್ರಣ್ಣ, ರಕ್ತ ಕೊಡ್ತೀರೋ, ಜಾತಕ ಹೊಂದಿಸ್ತೀರೋ?"

"ಜಾತಕ ತಪ್ಪಿದ್ರೆ ಡೈವೋರ್ಸ್ ಉಂಟು ಮಾರಾಯ. ಇದು ತಪ್ಪಿದ್ರೆ ಅದೂ ಇಲ್ಲ," ಎಂದರು ತಲೆಯೆತ್ತದೆ.

ನನ್ನ ಕಿರಿಮಗಳು ಶಿವರಂಜನಿ ಬಸುರಿ, ಎಂಟು ತಿಂಗಳು ತುಂಬಿತ್ತು. ಮಾಸು ಗರ್ಭದ ಕೆಳಭಾಗದಲ್ಲಿ ಕೂತು ರಕ್ತ ಹೋಗಿ ಹೋಗಿ ನಿಲ್ಲುತ್ತಿತ್ತು. ಸಂಜೆಯೊಳಗೆ ಆಪರೇಷನ್ ಆಗಬೇಕು, ಅದಕ್ಕೆ ಮೊದಲು ರಕ್ತ ಕೈಯಲ್ಲಿರಬೇಕು ಎಂದು ಡಾಕ್ಟರಮ್ಮ ಹೇಳಿದ್ದರು. ನಾನು ಬನವಾಸಿ ಕಡೆಯಿಂದ ನಮ್ಮವರೇ ಏಳು ಗಂಡಸರನ್ನು ಟೆಂಪೋದಲ್ಲಿ ತುಂಬಿಕೊಂಡು ಬಂದಿದ್ದೆ. ನಮ್ಮ ಮಗಳಿಗೆ ನಮ್ಮವರ ರಕ್ತವೇ ಹೋಗಲಿ ಎಂಬ ಬಿಂಕ ನನಗೆ. ಏಳರಲ್ಲಿ ಒಂದೂ ಹೊಂದಲಿಲ್ಲ. ಬದ್ರುದ್ದೀನರು ನಳಿಕೆಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಕೆಂಪು ರಕ್ತ ಒಡೆದ ಹಾಲಿನಂತೆ ಗಟ್ಟಿಗಟ್ಟಿಯಾಗಿತ್ತು.

"ನೋಡಕ್ಕೆ ಓ ಗುಂಪು ಅವ್ವಾ. ಆದ್ರೆ ಓ ರಕ್ತ ಹಾಕಿದ್ರೂ ಮೈಯೊಳಗೆ ಹೀಗೇ ಆಗ್ತದೆ, ಜೀವಕ್ಕೇ ಕುತ್ತು. ಇದಕ್ಕೆ ಬಾಂಬೆ ಗುಂಪು ಅಂತಾರೆ, ಸಾವಿರಾರು ಜನರಲ್ಲಿ ಒಬ್ಬರಿಗೆ. ಒಡಹುಟ್ಟಿದವರಲ್ಲಿ ಸಿಕ್ಕಿದ್ರೆ ಸಿಗಬಹುದು. ನಿಮಗೆ ಬೇರೆ ಮಕ್ಕಳು?"

"ಒಬ್ಬಾಕಿ ಇದ್ಲ್ರಿ. ಸತ್ತಳು."

ಅದು ನಮ್ಮ ಮನೆಯ ರೂಢಿಯ ಉತ್ತರ. ಹಿರಿಮಗಳು ಜ್ಯೋತಿ ಹತ್ತು ವರ್ಷದ ಹಿಂದೆ ಬೇರೆ ಜಾತಿಯವನ ಕೈ ಹಿಡಿದು ಹೋದಾಗ, ನಮ್ಮ ಯಜಮಾನರು ಸತ್ತವರಿಗೆ ಮಾಡುವ ಕಾರ್ಯ ಮಾಡಿ ಊರಿಗೆಲ್ಲ ಊಟ ಹಾಕಿಸಿದ್ದರು. ಆಮೇಲೆ ಯಾರು ಕೇಳಿದರೂ ಅದೇ ಮಾತು, ನಾಲಿಗೆಗೆ ಅಭ್ಯಾಸವಾಗಿಹೋಗಿತ್ತು.

ಬದ್ರುದ್ದೀನರು ಚೀಟಿ ನೋಡುತ್ತಾ ಮತ್ತೆ ಕೇಳಿದರು, "ಏನಾಗಿ ತೀರಿಕೊಂಡ್ರು?"

ನಾನು ಚೀರಿದೆ. "ರಕ್ತ ಕೊಡ್ರಿ ಅಂದ್ರ ತಿಥಿ ಕೇಳ್ತೀರಿ! ನಮ್ಮ ಮನಿ ಸುದ್ದಿ ನಿಮಗ್ಯಾಕ್ರಿ ಸಾಬ್ರ?"

ಜಗಲಿಯಲ್ಲಿದ್ದವರೆಲ್ಲ ತಿರುಗಿದರು. ಅವರು ಒಂದು ಸ್ಟೂಲು ತಂದು ನನ್ನನ್ನು ಕೂರಿಸಿ, ಕಣ್ಣು ಮುಚ್ಚಿ ಮೆಲ್ಲಗೆ ಕೇಳಿದರು, "ಅವ್ವಾ, ನೀವು ಹೆತ್ತವರು ಇನ್ನೊಬ್ಬರು ಇವತ್ತು ಜೀವಂತ ಇದ್ದಾರಾ?"

ಅವರ ಕಣ್ಣು ಮುಚ್ಚಿತ್ತು. ಅದಕ್ಕೇ ಹೇಳಲು ಸಾಧ್ಯವಾಯಿತೇನೋ.

"ಯಲ್ಲಾಪುರದಾಗ ಅದಾಳ್ರಿ."

ಫೋನ್ ನಂಬರ್ ಕೇಳಿದರು. ಹೆತ್ತವಳ ಬಳಿ ಇರಲಿಲ್ಲ. ಪಕ್ಕದಲ್ಲಿದ್ದ ಮೈದುನ ಮಧುಕೇಶ್ವರ ತನ್ನ ಮೊಬೈಲಿನಿಂದ ತೆಗೆದುಕೊಟ್ಟ.

ಎರಡು ಗಂಟೆಯ ಹೊತ್ತಿಗೆ ಜ್ಯೋತಿ ಗಂಡನ ಬೈಕಿನಲ್ಲಿ ಬಂದಳು. ಅವಳದು ಅದೇ ಗುಂಪು. ಎಲ್ಲ ಪರೀಕ್ಷೆಗಳೂ ಸರಿಬಂದ ಮೇಲೆ, ಮುಷ್ಟಿಯಲ್ಲಿ ರಬ್ಬರ್ ಚೆಂಡು ಹಿಸುಕುತ್ತಾ ಮಲಗಿದವಳು ಕೇಳಿದಳು, "ಸರ್, ನಾನೊಬ್ಬಳು ಇದೀನಿ ಅಂತ ಯಾರು ಹೇಳಿದ್ರು?"

"ನಿಮ್ಮ ಅವ್ವನೇ. ಕೇಳಿದ ಕೂಡ್ಲೇ ಹೇಳಿದ್ರು."

ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡೆ. ಒಂದಕ್ಷರ ತಪ್ಪಿದರೆ ಚೀಟಿ ಹಿಂದಿರುಗಿಸುವ ಆ ಮನುಷ್ಯ ನನಗಾಗಿ ಆಡಿದ ಸುಳ್ಳು ಅದು. ಜ್ಯೋತಿ ಕತ್ತು ಹೊರಳಿಸಿ ನನ್ನನ್ನು ಕಂಡು, "ಅವ್ವಾ, ಉಂಡಿಯೇನ?" ಎಂದಳು.

ಶಿವರಂಜನಿಯೂ ಕೂಸೂ ಉಳಿದರು. ಜ್ಯೋತಿ ಈಗ ವಾರಕ್ಕೊಮ್ಮೆ ಫೋನು ಮಾಡುತ್ತಾಳೆ. "ಕೇಳಿದ ಕೂಡ್ಲೇ ನನ್ನ ಹೆಸರು ಹೇಳಿದೆಯಂತಲ್ಲಬೇ," ಎಂದು ಹಿಗ್ಗುತ್ತಾಳೆ. ನಾನು ಹೂಂ ಎನ್ನುತ್ತೇನೆ.

ನಮ್ಮನ್ನು ಬೈದವರ ಎದುರು ಜಗಳಕ್ಕೆ ನಿಲ್ಲಬಹುದು, ನಮ್ಮ ತಪ್ಪನ್ನು ಆಡಿಕೊಂಡವರನ್ನು ಅಲ್ಲಗಳೆಯಬಹುದು. ನಮ್ಮ ಅತ್ಯಂತ ಹೊಲಸು ಮಾತನ್ನು ಕಿವಿಯಾರೆ ಕೇಳಿಯೂ ಅದನ್ನು ತಮ್ಮೊಳಗೇ ಇಟ್ಟುಕೊಂಡು, ನಮ್ಮ ಮಕ್ಕಳ ಮುಂದೆ ನಮ್ಮ ಮಾನ ಕಾಯುವ ಇಂಥ ಕೆಲವರಿರುತ್ತಾರೆ. ಅವರು ಯಾರಿಗೂ ಹೇಳುವುದಿಲ್ಲವೆಂದು ಗೊತ್ತಿರುವುದರಿಂದಲೇ ಅವರ ಎದುರು ತಲೆಯೆತ್ತಲಾಗುವುದಿಲ್ಲ. ಜ್ಯೋತಿಗೆ ನಿಜ ಹೇಳಬೇಕಾದವಳು ನಾನೇ, ಇನ್ನೂ ಹೇಳಿಲ್ಲ.